ಟ್ರಿಂಕೋಮಲಿಯ ಮೂತಿಗೆ ಕೊನೆಗೂ ಪಟ್ಟಿ ಕೂತಿದೆ

ನಾನು ಮಾಡುತ್ತಿರುವುದು ಹಳೇ ಹಡಗಿನ ಮರದ ಮಾಡೆಲ್. ಕೀಲ್ (ತಳದ ಬೆನ್ನೆಲುಬು), ಬಲ್ಕ್‌ಹೆಡ್ (ಅದರ ಮೇಲೆ ನಿಲ್ಲುವ ಅಡ್ಡ ಚೌಕಟ್ಟು), ಫೇರಿಂಗ್ (ಪಟ್ಟಿ ಕೂರುವಂತೆ ಚೌಕಟ್ಟಿನ ಅಂಚು ಉಜ್ಜುವುದು) ಇವೆಲ್ಲದರ ಮಾತು ಈಗ ಬಿಡಿ. ಈ ಸಲ ಬರೀ ಮೂತಿಯ, ಅಂದರೆ ಹಡಗಿನ ಮುಂತುದಿಯ ವಿಚಾರ. ಬ್ರಿಟಿಷ್ ನೌಕಾಪಡೆಯ ಹಳೇ ಯುದ್ಧನೌಕೆ ಎಚ್‌ಎಂಎಸ್ ಟ್ರಿಂಕೋಮಲಿಯ ಮೂತಿ ದುಂಡಗಿದೆ. 1:96ರ ಅಳತೆಯಲ್ಲಿ ಮೂರು ಇಂಚಿನೊಳಗೆ ಹೊರಮೈಗೆ ಹಚ್ಚುವ ಮರದ ಪಟ್ಟಿ ಹೆಚ್ಚುಕಡಿಮೆ ಅಡ್ಡಕ್ಕೇ ತಿರುಗಬೇಕು. ಬಾಸ್‌ವುಡ್ ಅನ್ನುವ ಮೆದು ಮರ ಆಗಿದ್ದರೆ ನೆನೆಸಿ, ಬಿಸಿ ತಾಗಿಸಿ ಬಗ್ಗಿಸಿದರೆ ಮುಗಿಯಿತು. ನನಗೆ ತೇಗವೇ ಬೇಕು. ಹಟ ಅನ್ನಿ. ಆದರೆ ಮುಂಬೈಯಲ್ಲಿ ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಈ ಹಡಗು ಮಲಬಾರಿನ ತೇಗದ್ದು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೇ ಬರ ಬಂದಿತ್ತಲ್ವಾ. ನಮ್ಮ ಘಟ್ಟದ ಮರದ ಹಡಗನ್ನು ಚಿಕ್ಕಮಗಳೂರಲ್ಲಿ ಕೂತು ಪರದೇಶದ ಬಾಸ್‌ವುಡ್‌ನಲ್ಲಿ ಮಾಡುವುದಾ?

ಸಾಮಿಲ್‌ನವರು ತೇಗ ಅಂತ ಕೊಟ್ಟಿದ್ದು ಬಣ್ಣ ಹಚ್ಚಿದ ಸಿಲ್ವರ್ ಓಕ್. ಕಾಫಿ ತೋಟದ ಊರಿನವನಿಗೆ ಸಿಲ್ವರ್ ಓಕ್ ಗುರುತು ಸಿಗಲ್ವಾ ಸ್ವಾಮಿ! ನಕ್ಷೆಯ ಪಾರ್ಸೆಲ್ ಬೇರೆ ಹಾಸನದಲ್ಲೇ ಬೀಡುಬಿಟ್ಟು, ಒದ್ದೆಯಾಗಿ ಹಿಗ್ಗಿ ಬಂತು. ಕೊರಿಯರ್‌ನವರಿಗೆ ಬೈಯೋಣ ಅಂದರೆ ಅಸಲಿ ಹಡಗಿನ ಕಥೆ ಇದಕ್ಕಿಂತ ಕೆಟ್ಟದ್ದು. ಅದರ ಮೊದಲ ನಕ್ಷೆ ಎಚ್‌ಎಂಎಸ್ ಜಾವಾ ಅನ್ನುವ ಹಡಗಿನಲ್ಲಿ ಬರುತ್ತಿತ್ತು. 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಶನ್ ಜಾವಾವನ್ನು ಹಿಡಿದು ಸುಟ್ಟಿತು, ನಕ್ಷೆಯೂ ಹೋಯಿತು. ಹೊಸ ನಕ್ಷೆ ಬಂದು ಕೀಲ್ ಇಟ್ಟದ್ದು 1816ರಲ್ಲಿ. ಮಜಾ ಏನೆಂದರೆ, ಇವತ್ತಿಗೂ ತೇಲುತ್ತಿರುವ ಯುದ್ಧನೌಕೆಗಳಲ್ಲಿ ಎಲ್ಲಕ್ಕಿಂತ ಹಳೆಯದು ಬಾಸ್ಟನ್‌ನ ಅದೇ ಕಾನ್‌ಸ್ಟಿಟ್ಯೂಶನ್, ಅದರ ನಂತರದ್ದೇ ಹಾರ್ಟ್‌ಲ್‌ಪೂಲ್‌ನಲ್ಲಿರುವ ನಮ್ಮ ಟ್ರಿಂಕೋಮಲಿ.

ಕೊನೆಗೆ ಕೆಡವಿದ ಹಳೇ ಮನೆಯೊಂದರ ಬಾಗಿಲ ಚೌಕಟ್ಟು ಸಿಕ್ಕಿತು. ಒಳ್ಳೇ ತೇಗ. ಆದರೆ ಅಷ್ಟು ಒಣಗಿದ ಮರ ಬಗ್ಗಿಸಿದರೆ ಲಟ್ ಅನ್ನುತ್ತದೆ. ಬಗ್ಗಿದ್ದು ಅಂಟುವುದಿಲ್ಲ, ತೇಗದಲ್ಲಿ ಎಣ್ಣೆ ಜಾಸ್ತಿ. ಸಂಜೆ ಅಂಟಿಸಿದ ಪಟ್ಟಿ ಬೆಳಿಗ್ಗೆ ಎದ್ದು ನಿಂತಿರುತ್ತಿತ್ತು. ಅದರ ಮೇಲೆ ಆಷಾಢದ ಮಳೆ, ಬಿಳಿ ಅಂಟು ಒಣಗುವ ಲಕ್ಷಣವೇ ಇಲ್ಲ.

ಇದೇ ಸಿಟ್ಟಿನಲ್ಲಿ ಮುಂದಿನ ಮಾಡೆಲ್ ನಿಶ್ಚಯವಾಯಿತು: ಐಎನ್‌ಎಸ್‌ವಿ ಕೌಂಡಿನ್ಯ. 2025ರ ಮೇನಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿತಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ಹಡಗು. ಅಂಟಿನ ಸಹವಾಸಕ್ಕಿಂತ ಸೂಜಿ ದಾರವೇ ವಾಸಿ.

ಇರಲಿ, ಟ್ರಿಂಕೋಮಲಿಗೆ ದಾರಿ ಸಿಕ್ಕಿದ್ದು ಸ್ಪೈಲಿಂಗ್‌ನಲ್ಲಿ, ಅಂದರೆ ಪಟ್ಟಿಯನ್ನು ಬಾಗಿದ ಆಕಾರಕ್ಕೇ ಕತ್ತರಿಸುವುದರಲ್ಲಿ. ಪಟ್ಟಿ ಕೂರಬೇಕಾದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಪಕ್ಕದ ಪಟ್ಟಿಯ ಅಂಚನ್ನು ಪೆನ್ಸಿಲ್‌ನಲ್ಲಿ ಉಜ್ಜಿ ಮೂಡಿಸಿ, ಟೇಪನ್ನು ಅಗಲದ ತೆಳು ಸೀಳಿಗೆ ಅಂಟಿಸಿ ಆ ಗೆರೆಗೇ ಕತ್ತರಿಸಿದೆ. ಪಟ್ಟಿ ಬಾಳೆಕಾಯಿಯ ಹಾಗೆ ಬಾಗಿಯೇ ಬರುತ್ತದೆ, ಅಗಲದ ಕಡೆಗೆ ಬಗ್ಗಿಸುವ ಕೆಲಸವೇ ಇಲ್ಲ. ಒಳಬಾಗಿಗೆ ಸೋಲ್ಡರಿಂಗ್ ಐರನ್ನಿನ ಬಿಸಿ ಸಾಕು. ಅಂಟುವ ಮೈಗೆ ಅಸಿಟೋನ್ ಒರೆಸಿ, ಆರಿದ ತಕ್ಷಣ ಎಪಾಕ್ಸಿ. ಈಗ ಉಗುರು ಎಳೆದರೂ ಸಂದು ತಾಗುವುದಿಲ್ಲ.

ಬಲಭಾಗ ಮುಗಿದಿದೆ. ಎಡಭಾಗಕ್ಕೆ ಮರ ಸಾಲದು. ಹಳೇ ಮನೆ ಕೆಡವುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಒಂದು ಕಿಟಕಿಯಾದರೂ ಸಾಕು.