ಗಾಡಿ ಹೀಟ್ ಆಗುತ್ತೆ ಅಂದರೆ ಮೊದಲು ಕೇಳಬೇಕಾದ್ದು: ಯಾವಾಗ?

ಗ್ಯಾರೇಜಿಗೆ ಹೀಟ್ ಆಗುವ ಕಾರು ಬಂದರೆ ಸ್ಪ್ಯಾನರ್ ಮುಟ್ಟುವ ಮೊದಲು ಓನರ್ ಹತ್ತಿರ ಕೂತು ಮಾತಾಡಬೇಕು. ಟ್ರಾಫಿಕ್‌ನಲ್ಲಿ ನಿಂತಾಗ ಟೆಂಪರೇಚರ್ ಮೀಟರಿನ ಮುಳ್ಳು ಏರುತ್ತಾ, ಹೈವೇಯಲ್ಲಿ ಓಡುವಾಗ ಏರುತ್ತಾ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕೆ ಏರುತ್ತಾ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಕೇಳದೆ ರೇಡಿಯೇಟರ್ (ಎಂಜಿನ್ನಿನ ಬಿಸಿ ನೀರನ್ನು ಗಾಳಿಯಿಂದ ತಣ್ಣಗಾಗಿಸುವ ಭಾಗ) ಬಿಚ್ಚಿದರೆ ಒಂದೊಂದೇ ಪಾರ್ಟ್ ಬದಲಾಗುತ್ತಾ ಹೋಗುತ್ತೆ, ಬಿಲ್ಲು ಬೆಳೆಯುತ್ತೆ, ಗಾಡಿ ಮಾತ್ರ ಹೀಟ್ ಆಗುತ್ತಲೇ ಇರುತ್ತೆ.

ನಿಂತಾಗ ಹೀಟ್ ಆಗಿ, ಓಡುವಾಗ ಇಳಿದರೆ ಅನುಮಾನ ಫ್ಯಾನ್ ಮೇಲೆ. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತೆ, ನಿಂತಾಗ ಅದಿಲ್ಲ. ಎಸಿ ಹಾಕಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಆಗಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಕೊನೆಗೆ ಮೋಟಾರಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ನೋಡುವುದು. ಎರಡು ಸ್ಪೀಡಿನ ಫ್ಯಾನ್ ಇರುವ ಎಷ್ಟೋ ಗಾಡಿಗಳಲ್ಲಿ ರೆಸಿಸ್ಟರ್ ಸುಟ್ಟು ಲೋ ಸ್ಪೀಡ್ ಮಾತ್ರ ಹೋಗಿರುತ್ತೆ. ಮೋಟಾರ್ ಚೆನ್ನಾಗಿಯೇ ಇರುತ್ತೆ, ಆದರೂ ಪೂರ್ತಿ ಫ್ಯಾನ್ ಸೆಟ್ ಬದಲಾಗಿಬಿಡುತ್ತೆ. ಎಂಜಿನ್ ಆಫ್ ಆಗಿದ್ದರೂ ಫ್ಯಾನ್ ತಾನಾಗಿ ತಿರುಗಬಹುದು, ಕೈ ದೂರ ಇರಲಿ.

ಹೈವೇಯಲ್ಲಿ, ಘಾಟಿ ಹತ್ತುವಾಗ ಹೀಟ್ ಆಗಿ, ನಿಧಾನಕ್ಕೆ ಹೋದರೆ ಸರಿಹೋಗುತ್ತೆ ಅಂದರೆ ನೀರಿನ ಓಟವೋ ಗಾಳಿಯ ಓಟವೋ ಕಟ್ಟಿದೆ. ರೇಡಿಯೇಟರ್ ಒಳಗೆ ಕಿಟ್ಟ ಕಟ್ಟಿರಬಹುದು, ವಾಟರ್ ಪಂಪಿನ ರೆಕ್ಕೆ ತುಕ್ಕು ಹಿಡಿದು ಸವೆದಿರಬಹುದು. ಅದಕ್ಕೂ ಮೊದಲು ಹೊರಗಿನಿಂದ ನೋಡಿ. ರೇಡಿಯೇಟರ್ ಮತ್ತು ಅದರ ಮುಂದಿರುವ ಎಸಿ ಕಂಡೆನ್ಸರ್ ನಡುವಿನ ಸಂದಿಯಲ್ಲಿ ಧೂಳು, ಹುಳ, ಒಣಹುಲ್ಲು ತುಂಬಿ ಗೋಡೆಯಾಗಿರುತ್ತೆ. ಮುಂದಿನಿಂದ ಟಾರ್ಚ್ ಹಾಕಿದರೆ ಕಾಣುವುದಿಲ್ಲ. ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹರವಿದ ಕಡೆ ಓಡಿಸಿದ ಗಾಡಿಗಳಲ್ಲಿ ಇದನ್ನು ನೋಡಲೇಬೇಕು. ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಗೆ, ಕಡಿಮೆ ಪ್ರೆಷರ್‌ನಲ್ಲಿ. ವಾಟರ್ ವಾಶ್ ಗನ್ ಹತ್ತಿರ ಹಿಡಿದರೆ ಫಿನ್ನುಗಳು (ರೇಡಿಯೇಟರಿನ ತೆಳು ತಗಡಿನ ಪಟ್ಟಿಗಳು) ಮಡಚಿಕೊಂಡು ಇದ್ದ ಗಾಳಿಯ ದಾರಿಯೂ ಮುಚ್ಚುತ್ತೆ.

ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಮುಳ್ಳು ಏರಿ, ಮೇಲಿನ ಹೋಸ್ ಸುಡುತ್ತಾ ಕೆಳಗಿನ ಹೋಸ್ ತಣ್ಣಗಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಮುಚ್ಚಿಕೊಂಡೇ ಕೂತಿರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಇದಕ್ಕೆ ಮಾಡುವ ರಿಪೇರಿ ಅಂದರೆ ಕಿತ್ತು ಬಿಸಾಕುವುದು. ‘ನಮ್ಮ ಬಿಸಿಲಿಗೆ ಅದು ಬೇಕಾಗಿಲ್ಲ ಸಾರ್’ ಅನ್ನುವ ಮಾತು ಎಲ್ಲ ಊರಲ್ಲೂ ಇದೆ. ಬೇಕು. ಅದಿಲ್ಲದಿದ್ದರೆ ಎಂಜಿನ್ ತನ್ನ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತೆ, ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಜಾಸ್ತಿ ಬಿಡುತ್ತೆ, ಮೈಲೇಜ್ ಬೀಳುತ್ತೆ, ಆಯಿಲ್ ಬೇಗ ಹಾಳಾಗುತ್ತೆ. ಬಿಚ್ಚಿದ ಥರ್ಮೋಸ್ಟಾಟನ್ನು ಪರೀಕ್ಷೆ ಮಾಡುವುದು ಸುಲಭ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ, ತಳಕ್ಕೆ ತಾಗದಂತೆ ಇಳಿಬಿಟ್ಟು ಕಾಯಿಸಿ. ಮೈಮೇಲೆ 82 ಅಂತ ಇದ್ದರೆ ಸುಮಾರು 82 ಡಿಗ್ರಿಗೆ ಬಾಯಿ ಬಿಡಲು ಶುರುಮಾಡಬೇಕು, ಇನ್ನು 10–15 ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು. ಹೊಸದು ಕೂರಿಸುವಾಗ ಅದರ ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದ್ದರೆ ಆ ತೂತು ಮೇಲಕ್ಕೆ ಬರಲಿ, ಸಿಕ್ಕಿಕೊಂಡ ಗಾಳಿ ಹೋಗುವುದು ಅಲ್ಲಿಂದಲೇ.

ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಪಾರ್ಟ್ ರೇಡಿಯೇಟರ್ ಕ್ಯಾಪ್. ಕುಕ್ಕರಿನ ವೆಯ್ಟ್ ಇದ್ದ ಹಾಗೆ ಅದು. 0.9 ಅಥವಾ 1.1 ಅಂತ ಮೇಲೆ ಬರೆದಿರುವುದು ಎಷ್ಟು ಬಾರ್ ಒತ್ತಡ ತಡೆಯುತ್ತೆ ಅನ್ನುವುದು. ಸುಮಾರು 1 ಬಾರ್ ಒತ್ತಡದಲ್ಲಿ ನೀರು 100ಕ್ಕೆ ಬದಲು 120 ಡಿಗ್ರಿಗೆ ಕುದಿಯುತ್ತೆ, ನೀರಿಗೆ ಅರ್ಧಕ್ಕರ್ಧ ಕೂಲಂಟ್ ದ್ರವ ಬೆರೆಸಿದ್ದರೆ ಇನ್ನೂ ಮೇಲೆ. ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಈ ಲಾಭವೆಲ್ಲ ಹೋಯಿತು. ಕೆಲವು ನೂರು ರೂಪಾಯಿಯ ಸಾಮಾನು, ಅನುಮಾನ ಬಂದರೆ ಬದಲಾಯಿಸಿಬಿಡಿ. ಆದರೆ ಅದೇ ನಂಬರಿನದ್ದೇ ಹಾಕಿ. ಜಾಸ್ತಿ ನಂಬರಿನ ಕ್ಯಾಪ್ ಹಾಕಿದರೆ ಹಳೇ ಹೋಸ್ ಸೀಳುತ್ತೆ.

ಕೂಲಂಟ್ ವಿಷಯದಲ್ಲಿ ನಮ್ಮ ದೊಡ್ಡ ಶತ್ರು ಬೋರ್ ನೀರು. ಬಯಲುಸೀಮೆಯ ಗಡಸು ನೀರನ್ನು ರೇಡಿಯೇಟರಿಗೆ ಹಾಕಿದರೆ ಒಳಗೆ ಬಿಳಿ ಪೊರೆ ಕಟ್ಟುತ್ತೆ, ಲೋಹದಿಂದ ನೀರಿಗೆ ಬಿಸಿ ದಾಟುವುದೇ ಇಲ್ಲ. ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ಡನ್ನೂ ಅದು ತಿನ್ನುತ್ತೆ. ಕಾನ್ಸಂಟ್ರೇಟ್ ತಂದರೆ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಡಬ್ಬದ ಮೇಲೆ ‘ರೆಡಿ ಟು ಯೂಸ್’ ಅಂತ ಇದ್ದರೆ ಒಂದು ಹನಿ ನೀರೂ ಸೇರಿಸಬೇಡಿ. ಸಣ್ಣ ಕಾರಿಗೆ ಸುಮಾರು 4ರಿಂದ 6 ಲೀಟರ್ ಹಿಡಿಯುತ್ತೆ. ಬಣ್ಣ ನೋಡಿ ಆರಿಸಬೇಡಿ. ಹಸಿರು, ಗುಲಾಬಿ, ನೀಲಿ ಇವಕ್ಕೆ ಎಲ್ಲ ಕಂಪನಿಗೂ ಒಂದೇ ನಿಯಮ ಇಲ್ಲ. ಮ್ಯಾನ್ಯುವಲ್ ಹೇಳಿದ ಬಗೆಯದ್ದೇ ಬೇಕು. ಸೋರಿಕೆಗೆ ಅರಿಶಿನ ಪುಡಿ ಹಾಕುವ ಮನೆಮದ್ದು ಊರು ಸೇರುವಷ್ಟು ಹೊತ್ತು ನಡೆಯಬಹುದು, ಆಮೇಲೆ ಅದೇ ಪುಡಿ ಹೀಟರ್ ಕೋರಿನ (ಕ್ಯಾಬಿನ್ ಹೀಟರಿನ ಪುಟ್ಟ ರೇಡಿಯೇಟರ್) ಸಣ್ಣ ಕೊಳವೆಗಳಲ್ಲಿ ಕೂರುತ್ತೆ. ಬಸಿದ ಹಳೇ ಕೂಲಂಟನ್ನು ಮೋರಿಗೆ ಚೆಲ್ಲಬೇಡಿ. ಅದು ಸಿಹಿ, ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತೆ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್, ಹೀಟರ್ ಫುಲ್, ಜಾಗ ಸಿಕ್ಕಲ್ಲಿ ನಿಲ್ಲಿಸಿ ಎಂಜಿನ್ ಆಫ್. ಕ್ಯಾಪ್ ಮುಟ್ಟುವುದು ಏನಿದ್ದರೂ ಮುಕ್ಕಾಲು ಗಂಟೆಯ ನಂತರ, ಹೋಸ್ ಒತ್ತಿದರೆ ಮೆತ್ತಗಾಗಿದ್ದರೆ ಮಾತ್ರ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ಇನ್ನೊಂದು ಅಪಾಯ: ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ನೀರಿನಲ್ಲಿ ಮುಳುಗಿರುವುದಿಲ್ಲ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ತೋರಿಸಬಹುದು. ಹೀಟರ್ ಹಾಕಿದಾಗ ತಣ್ಣನೆ ಗಾಳಿ ಬಂದರೆ ಈ ಅನುಮಾನ ಪಡಿ.

ಎಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುತ್ತಿದೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ನಿಮಿಷಕ್ಕೇ ಹೋಸ್ ಗಟ್ಟಿಯಾಗುತ್ತೆ, ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲುವುದಿಲ್ಲ ಅಂದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್) ನೆನಪಿಗೆ ಬರಬೇಕು. ಆಯಿಲ್ ಕ್ಯಾಪ್ ಅಡಿಯ ಬಿಳಿ ಕೆನೆ ಒಂದನ್ನೇ ನೋಡಿ ತೀರ್ಪು ಕೊಡಬೇಡಿ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಓಡುವ ಗಾಡಿಯಲ್ಲಿ ಬರೀ ತೇವದಿಂದಲೂ ಅದು ಬರುತ್ತೆ. ಹೆಡ್ ಬಿಚ್ಚುವ ಮೊದಲು ಬ್ಲಾಕ್ ಟೆಸ್ಟ್ ಮಾಡಿಸಿ ಅಂತ ಓನರ್ ಕೇಳಬೇಕು. ನೀಲಿ ದ್ರವದ ಮೂಲಕ ರೇಡಿಯೇಟರಿನ ಗಾಳಿ ಎಳೆದಾಗ ಅದು ಹಳದಿಗೆ ತಿರುಗಿದರೆ ಪೆಟ್ರೋಲ್ ಎಂಜಿನ್ನಿನ ಹೊಗೆ ನೀರಿಗೆ ಸೇರುತ್ತಿದೆ ಅಂತ ಅರ್ಥ.

ಹೆಡ್ ಇಳಿಸಿದ ಮೇಲೆ ಬರೀ ಗ್ಯಾಸ್ಕೆಟ್ ಬದಲಾಯಿಸಿ ಮುಚ್ಚುವುದು ಅರೆಬರೆ ಕೆಲಸ. ಹೆಡ್ ಸೊಟ್ಟಗಾಗಿದೆಯಾ ಅಂತ ಸ್ಟ್ರೈಟ್ ಎಡ್ಜ್ (ನೇರ ಲೋಹದ ಪಟ್ಟಿ) ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಬ್ಲೇಡುಗಳು) ತೂರಿಸಿ ನೋಡಬೇಕು. 0.05 ಮಿ.ಮೀ. ಬ್ಲೇಡ್ ಒಳಗೆ ಹೋದರೆ ಬಹುತೇಕ ಎಂಜಿನ್‌ಗಳಲ್ಲಿ ಹೆಡ್ಡನ್ನು ಫೇಸಿಂಗ್‌ಗೆ (ಮೆಷಿನ್ನಿನಲ್ಲಿ ಮಟ್ಟ ಮಾಡಲು) ಕಳಿಸಲೇಬೇಕು. ಹಳೇ ಗ್ಯಾಸ್ಕೆಟ್ ಅಂಟನ್ನು ಗ್ರೈಂಡರ್ ಡಿಸ್ಕಿನಲ್ಲಿ ಉಜ್ಜುವ ಅಭ್ಯಾಸ ಬಿಡಿ, ಅಲ್ಯೂಮಿನಿಯಂನಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತೆ. ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನೀರೋ ಆಯಿಲೋ ನಿಂತಿದ್ದರೆ ಗಾಳಿ ಹೊಡೆದು ಒಣಗಿಸಿ. ತಳ ಮುಚ್ಚಿದ ತೂತಿನಲ್ಲಿ ದ್ರವ ಉಳಿದರೆ ಟೈಟ್ ಮಾಡುವಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಟಾರ್ಕ್ (ಬಿಗಿತದ ಅಳತೆ) ಸುಳ್ಳು ತೋರಿಸುತ್ತೆ, ಕೆಲವೊಮ್ಮೆ ಬ್ಲಾಕೇ ಬಿರುಕು ಬಿಡುತ್ತೆ. ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಬೋಲ್ಟುಗಳು ಒಮ್ಮೆ ಎಳೆದುಕೊಂಡವು, ಮತ್ತೆ ಹಾಕಬಹುದು ಅಂತ ಮ್ಯಾನ್ಯುವಲ್ ಹೇಳದಿದ್ದರೆ ಹೊಸವೇ ಬೇಕು. ಬಿಗಿಯುವುದು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ.

ಕೂಲಂಟ್ ನಿಧಾನಕ್ಕೆ ತುಂಬಿ, ಹೀಟರ್ ಬಿಸಿಗೆ ಇಟ್ಟು, ಬ್ಲೀಡ್ ಸ್ಕ್ರೂ (ಒಳಗಿನ ಗಾಳಿ ಬಿಡುವ ಸ್ಕ್ರೂ) ಇದ್ದರೆ ಅಲ್ಲಿಂದ ಗುಳ್ಳೆ ನಿಂತು ಬರೀ ಕೂಲಂಟ್ ಬರುವ ತನಕ ಬಿಡಿ. ಫ್ಯಾನ್ ಎರಡು ಸಲ ಆನ್ ಆಗಿ ಆಫ್ ಆಗುವವರೆಗೆ ಐಡಲ್‌ನಲ್ಲಿ ಓಡಿಸಿ. ಗಾಡಿಯನ್ನು ಅವತ್ತೇ ಕೈಗೆ ಕೊಡಬೇಡಿ. ರಾತ್ರಿ ಪೂರ್ತಿ ತಣ್ಣಗಾದ ಮೇಲೆ ಬೆಳಿಗ್ಗೆ ಲೆವೆಲ್ ನೋಡಿದರೆ, ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಹೊರಬಂದು ಸಾಮಾನ್ಯವಾಗಿ ಕಾಲು ಅರ್ಧ ಲೀಟರ್ ಇಳಿದಿರುತ್ತೆ. ಅದನ್ನು ತುಂಬಿಸಿಯೇ ಕಳಿಸಿ.