ಟೈಲ್ಸ್ ಆರಿಸುವ ಮುನ್ನ ಮನೆಯ ನೀರನ್ನು ನೋಡಿ

ಕೋಲಾರದಲ್ಲಿ ನಾವು ಕೊಂಡ ಹಳೆಯ ಮನೆಯ ದುರಸ್ತಿ ಮುಗಿಯುತ್ತ ಬಂದಿದೆ. ಇದು ನಮ್ಮ ಮೊದಲ ಸ್ವಂತ ಮನೆ. ಇದರ ನೆಲಕ್ಕೆ ಟೈಲ್ಸ್ ಆರಿಸುವಾಗ ಅಂಗಡಿಯ ಝಗಝಗಿಸುವ ದೀಪಗಳಿಗಿಂತ ಮನೆಯ ಬೋರ್‌ವೆಲ್ ನೀರನ್ನೇ ಹೆಚ್ಚು ನಂಬಿದೆವು. ಈ ಭಾಗದಲ್ಲಿ ಮನೆ ಕಟ್ಟುವವರು, ರಿಪೇರಿ ಮಾಡಿಸುವವರು ಎಲ್ಲರೂ ಹೀಗೆಯೇ ಮಾಡಬೇಕೆಂದು ನನಗೆ ಬಲವಾಗಿ ಅನ್ನಿಸಿದೆ.

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಬಹಳಷ್ಟು ಮನೆಗಳಿಗೆ ಆಳದ ಬೋರ್‌ವೆಲ್ಲೇ ಗತಿ, ಆ ನೀರೋ ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ನೆಲದಲ್ಲೇ ಉಳಿದು ಬೆಳ್ಳಗೆ ಕಲೆಗಟ್ಟುತ್ತವೆ. ಅಂಗಡಿಯಿಂದ ಕೆಲವು ಸ್ಯಾಂಪಲ್‌ಗಳನ್ನು ಕೇಳಿ ತಂದು, ಜಗಲಿಯ ಮೇಲೆ ಸಾಲಾಗಿಟ್ಟು, ನಮ್ಮದೇ ನೀರಿನಲ್ಲಿ ಒರೆಸಿ ಒಣಗಲು ಬಿಟ್ಟೆವು. ಹೊಳಪಿನ ಕಪ್ಪು ಟೈಲ್ಸ್ ಮೇಲೆ ಬಟ್ಟೆ ಆಡಿಸಿದ ಗೆರೆಗಳೆಲ್ಲ ಸುಣ್ಣದಲ್ಲಿ ಎಳೆದಂತೆ ಮೂಡಿದ್ದವು. ಅಚ್ಚ ಬಿಳಿಯದರ ಮೇಲೆ ನೀರಿನ ಕಲೆ ಕಾಣದಿದ್ದರೂ ನಮ್ಮೂರಿನ ಕೆಂಪು ಧೂಳು ಎದ್ದು ಕಾಣುತ್ತಿತ್ತು. ತಿಳಿಬೂದು ಬಣ್ಣದ, ಹೊಳಪಿಲ್ಲದ ಮ್ಯಾಟ್ ಟೈಲ್ಸ್ ಮಾತ್ರ ಬಗ್ಗಿ ನೋಡಿದರೂ ಶುಭ್ರವಾಗಿತ್ತು. ಬಿಳಿ ಕಲೆ ಹೋಗಲೆಂದು ಹಲವರು ಆ್ಯಸಿಡ್ ಹಾಕಿ ತೊಳೆಯುತ್ತಾರೆ. ಅದು ಲವಣವನ್ನು ಕರಗಿಸುವುದರ ಜೊತೆಗೆ ಟೈಲ್ಸ್ ನಡುವಿನ ಸಂದಿಗಳಿಗೆ ತುಂಬಿರುವ ಸಿಮೆಂಟ್ ಗ್ರೌಟನ್ನೂ ತಿಂದುಹಾಕುತ್ತದೆ, ಆಮೇಲೆ ಆ ಸಂದಿಗಳಲ್ಲಿ ನೀರು ಇಳಿಯತೊಡಗುತ್ತದೆ. ಆದ್ದರಿಂದ ಕಲೆಯನ್ನು ಎತ್ತಿ ತೋರಿಸದ ಬಣ್ಣ ಆರಿಸಿದರೆ ನೆಲದ ಬಾಳಿಕೆಯೂ ಹೆಚ್ಚುತ್ತದೆ.

ಬಚ್ಚಲುಮನೆಯ ಟೈಲ್ಸ್ ಆರಿಸುವ ಹಕ್ಕನ್ನು ವಯಸ್ಸಾದ ನಮ್ಮ ಅಮ್ಮನಿಗೆ ಬಿಟ್ಟಿದ್ದೆವು. ಅವರು ಅಂಗಡಿಯವರಿಂದ ಒಂದೊಂದೇ ಟೈಲ್ಸನ್ನು ನೆಲಕ್ಕಿರಿಸಿ, ಸೋಪಿನ ನೀರು ಚೆಲ್ಲಿಸಿ, ಚಪ್ಪಲಿ ಬಿಟ್ಟು, ನನ್ನ ಭುಜ ಹಿಡಿದು ಅದರ ಮೇಲೆ ನಿಂತು, ಹಿಮ್ಮಡಿಯನ್ನು ಆಚೀಚೆ ತಿರುಗಿಸಿ ನೋಡುತ್ತಿದ್ದರು. ಕೈಗೆ ಒರಟಾಗಿ ಹತ್ತಿದ ಒಂದು ಟೈಲ್ಸನ್ನೂ "ಇದು ಬೇಡಪ್ಪ, ಜಾರುತ್ತೆ" ಎಂದು ಪಕ್ಕಕ್ಕಿಡಿಸಿದರು. ಟೈಲ್ಸ್ ಎಷ್ಟು ಜಾರುತ್ತದೆ ಎಂಬುದಕ್ಕೆ ಆರ್9ರಿಂದ ಆರ್13ರವರೆಗೆ ದರ್ಜೆಗಳಿವೆ. ಸಂಖ್ಯೆ ದೊಡ್ಡದಾದಷ್ಟೂ ಹಿಡಿತ ಹೆಚ್ಚು. ಆದರೆ ಆ ಪರೀಕ್ಷೆಯನ್ನು ಮಾಡುವುದು ಎಣ್ಣೆ ಸವರಿದ ಇಳಿಜಾರಿನ ಮೇಲೆ ಬೂಟು ಹಾಕಿದವರನ್ನು ನಡೆಸಿ. ನಾವು ಬಚ್ಚಲಿಗೆ ಹೋಗುವುದು ಬರಿಗಾಲಿನಲ್ಲಿ. ಹೀಗಾಗಿ ಆರ್10, ಆರ್11 ದರ್ಜೆಯವನ್ನು ಮೊದಲು ಬೇರ್ಪಡಿಸಿಕೊಂಡು, ಅವುಗಳಲ್ಲಿ ಅಮ್ಮನ ಕಾಲು ಒಪ್ಪಿದ್ದನ್ನು ತೆಗೆದುಕೊಂಡೆವು. ಅಳತೆಯೂ ಒಂದಡಿಗೆ ಒಂದಡಿಯದ್ದೇ ಆಯಿತು. ಬಚ್ಚಲ ನೆಲ ಎಲ್ಲ ಕಡೆಯಿಂದಲೂ ಜಾಲರಿಯತ್ತ ಇಳಿಜಾರಾಗಬೇಕು. ದೊಡ್ಡ ಟೈಲ್ಸ್ ಹಾಕಿದರೆ ಆ ವಾಟ ಸರಿಯಾಗಿ ಕೂರದೆ ಮೂಲೆಗಳಲ್ಲಿ ನೀರು ನಿಲ್ಲುತ್ತದೆ.

ಅಡುಗೆಮನೆಯಲ್ಲಿ ಅರಿಸಿನ ಬೆರೆತ ಎಣ್ಣೆಯ ಕಲೆ ಟೈಲ್ಸ್‌ಗಿಂತ ಸಂದಿಗಳಲ್ಲಿ ಉಳಿಯುವುದೇ ಹೆಚ್ಚು. ದುಬಾರಿಯಾದರೂ ಅಲ್ಲಿಗೆ ಕಲೆಯನ್ನು ಸುಲಭವಾಗಿ ಹೀರದ ಎಪಾಕ್ಸಿ ಗ್ರೌಟ್ ಹಾಕಿಸಿದೆವು.

ಹೆಚ್ಚು ಚರ್ಚೆಯಾದದ್ದು ಹಳೆಯ ನೆಲದ ಬಗ್ಗೆ. ಮನೆಯಲ್ಲೆಲ್ಲ ರೆಡ್ ಆಕ್ಸೈಡ್ ನೆಲವಿತ್ತು. ಕೋಣೆಗಳಲ್ಲಿ ಅದು ಬಿರುಕು ಬಿಟ್ಟಿದ್ದರೂ ನಡುಮನೆಯಲ್ಲಿ ಒಂದು ಗೆರೆಯೂ ಇಲ್ಲದೆ, ವರ್ಷಗಳ ಓಡಾಟದಿಂದ ನಯವಾಗಿ, ತಣ್ಣಗೆ ಉಳಿದಿತ್ತು. ಅದನ್ನು ಒಡೆಯಲು ನಮಗೆ ಮನಸ್ಸಾಗಲಿಲ್ಲ; ಅಂಥ ನೆಲ ಹಾಕಬಲ್ಲ ಕೈಗಳು ಈಗ ಸುಲಭವಾಗಿ ಸಿಗುವುದಿಲ್ಲ. ಉಳಿದ ಕಡೆ ಹಳೆಯ ನೆಲದ ಮೇಲೆಯೇ ಟೈಲ್ಸ್ ಅಂಟಿಸಿದರೆ ಖರ್ಚು ಉಳಿಯುತ್ತದೆಂದು ಮೇಸ್ತ್ರಿ ಹೇಳಿದರು. ಅದು ನಿಜವೇ. ಆದರೆ 8ರಿಂದ 10 ಮಿಲಿಮೀಟರ್ ದಪ್ಪದ ಟೈಲ್ಸ್, ಅದರ ಕೆಳಗಿನ ಅಂಟು ಸೇರಿ ನೆಲ ಅರ್ಧ ಅಂಗುಲದಷ್ಟು ಏರುತ್ತದೆ. ಬಾಗಿಲುಗಳ ಅಡಿ ಹೆರೆಯಬೇಕಾಗುತ್ತದೆ, ದಿನವೂ ಅರಿಸಿನ ಕುಂಕುಮ ಇಡುವ ಹೊಸ್ತಿಲು ತಗ್ಗಾಗುತ್ತದೆ, ನಡುಮನೆಗೆ ಬರುವಲ್ಲಿ ಅಮ್ಮ ಎಡವಲು ಒಂದು ಅಂಚೂ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಕೋಣೆಗಳ ನೆಲವನ್ನು ಅಗೆಸಿ, ನಡುಮನೆಯ ಮಟ್ಟಕ್ಕೇ ಟೈಲ್ಸ್ ಕೂರಿಸಿದೆವು.

ಕೋಣೆಗಳಿಗೆ ಆರಿಸಿದ್ದು ವಿಟ್ರಿಫೈಡ್ ಟೈಲ್ಸ್. ಇವು ಹೀರುವ ನೀರು ತಮ್ಮ ತೂಕದ ಶೇಕಡ 0.5ಕ್ಕಿಂತ ಹೆಚ್ಚಿರುವುದಿಲ್ಲ, ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲ್ಸ್ ಶೇಕಡ 10ಕ್ಕೂ ಹೆಚ್ಚು ಹೀರುತ್ತವೆ. ಕಲೆ ಇಳಿಯದಿರಲು ಈ ಗುಣ ಒಳ್ಳೆಯದು, ಆದರೆ ಇದೇ ಕಾರಣಕ್ಕೆ ಬರೀ ಸಿಮೆಂಟ್ ಹಾಲು ಇವುಗಳ ಬೆನ್ನಿಗೆ ಗಟ್ಟಿಯಾಗಿ ಕಚ್ಚುವುದಿಲ್ಲ. ಹಾಗಾಗಿ ಟೈಲ್ಸ್ ಅಂಟನ್ನೇ ಬಳಸಿ ಎಂದು ಹಠ ಹಿಡಿಯಬೇಕು. ಅಂಟಿನ ಚೀಲದ ಮೇಲೆ ಐಎಸ್ 15477 ಎಂಬ, ಟೈಲ್ಸ್ ಅಂಟಿಗಿರುವ ಭಾರತೀಯ ಮಾನಕದ ಗುರುತು ಇದೆಯೇ ಎಂದೂ ನೋಡಬೇಕು.

ಕೊಳ್ಳುವಾಗ ಪ್ರತಿ ಪೆಟ್ಟಿಗೆಯ ಮೇಲಿನ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಆಗಿದೆಯೇ ಎಂದು ಓದಿಯೇ ಗಾಡಿಗೆ ಹಾಕಿಸಿ. ಟೈಲ್ಸ್ ಕಾರ್ಖಾನೆಗಳಿಗೆ ಹೆಸರಾದ ಗುಜರಾತಿನ ಮೋರ್ಬಿಯಿಂದ ಬರಲಿ, ಬೇರೆಲ್ಲಿಂದಲೇ ಬರಲಿ, ಒಂದೇ ಹೆಸರಿನ ಟೈಲ್ಸ್ ಕೂಡ ಒಂದು ಸಲ ಸುಟ್ಟದ್ದಕ್ಕೂ ಇನ್ನೊಂದು ಸಲ ಸುಟ್ಟದ್ದಕ್ಕೂ ಬಣ್ಣದಲ್ಲಿ ತುಸು ವ್ಯತ್ಯಾಸವಾಗುತ್ತದೆ. ಲೆಕ್ಕಕ್ಕಿಂತ ಶೇಕಡ 10ರಷ್ಟು ಹೆಚ್ಚಿಗೆ ತನ್ನಿ. ಹಳೆಯ ಮನೆಗಳಲ್ಲಿ ಮೂಲೆಗಳು ಮಟ್ಟಸವಾಗಿರುವುದು ಅಪರೂಪವಾದ್ದರಿಂದ ಕತ್ತರಿಸಿ ಹಾಳಾಗುವುದು ಹೆಚ್ಚು. ಮಿಕ್ಕದ್ದನ್ನು ಅಂಗಡಿಗೆ ಹಿಂತಿರುಗಿಸದೆ ಅಟ್ಟದ ಮೇಲೆ ಇಟ್ಟುಕೊಂಡಿದ್ದೇವೆ. ಮುಂದೆ ಪೈಪಿಗಾಗಿ ನೆಲ ಒಡೆಯಬೇಕಾಗಿ ಬಂದರೆ ಅದೇ ಬಣ್ಣದ ಟೈಲ್ಸ್ ಮಾರುಕಟ್ಟೆಯಲ್ಲಿ ಸಿಗುವುದು ಕಷ್ಟ.