ಫೆರೊಸೀನ್: ಸೋಲುವುದು ಎಲ್ಲಿ?

1951ರಲ್ಲಿ ಕೀಲಿ ಮತ್ತು ಪಾಸನ್ ವರದಿ ಮಾಡಿದ ಫೆರೊಸೀನ್ (ಎರಡು ಇಂಗಾಲದ ಉಂಗುರಗಳ ನಡುವೆ ಕಬ್ಬಿಣವಿರುವ ಸಂಯುಕ್ತ), ಆರ್ಗ್ಯಾನೊಮೆಟಾಲಿಕ್ (ಲೋಹ-ಇಂಗಾಲ ಬಂಧದ ಸಂಯುಕ್ತಗಳ) ಕೆಲಸಕ್ಕೆ ಕೈಹಾಕುವವರು ಮೊದಲು ಮಾಡಬೇಕಾದ ಸಂಯುಕ್ತ ಎಂಬುದು ನನ್ನ ಅಭಿಪ್ರಾಯ. ಗ್ಲೋವ್ ಬಾಕ್ಸ್ (ಗಾಳಿ ಸೋಕದಂತೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಬೇಕಿಲ್ಲ, ನೈಟ್ರೋಜನ್ ಹರಿವು ಸಾಕು.

ಹೆಚ್ಚಿನವರು ಎಡವುವುದು ಇದರ ಮೂಲವಸ್ತುವಾದ ಸೈಕ್ಲೋಪೆಂಟಾಡೈಈನ್‌ನಲ್ಲಿ. ಬಾಟಲಿಯಲ್ಲಿ ಸಿಗುವುದು ಅದರ ಡೈಮರ್, ಅಂದರೆ ಎರಡು ಅಣುಗಳು ಕೂಡಿದ ರೂಪ. ಅದನ್ನು ಸುಮಾರು 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಒಡೆಯಬೇಕು. ಬಟ್ಟಿ ಇಳಿಸುವ ಕಾಲಂನ ಮೇಲ್ತುದಿಯ ಉಷ್ಣತೆ 41–43 ಡಿಗ್ರಿ ದಾಟಬಾರದು. ಅವಸರದಿಂದ ಕಾಯಿಸಿದರೆ ಒಡೆಯದ ಡೈಮರ್ ಕೂಡ ಮೇಲೇರುತ್ತದೆ. ಹಿಮದಲ್ಲಿಟ್ಟ ಫ್ಲಾಸ್ಕಿನಲ್ಲಿ ಹಿಡಿದು ಅಂದೇ ಬಳಸಿ, ಇಟ್ಟರೆ ಮತ್ತೆ ಡೈಮರ್ ಆಗುತ್ತದೆ.

25 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಬೇಗ ಪುಡಿಮಾಡಿ (ಕನ್ನಡಕ, ಕೈಗವಸು ಕಡ್ಡಾಯ, ತಡಮಾಡಿದರೆ ತೇವ ಹೀರಿ ಗಟ್ಟಿಯಾಗುತ್ತದೆ) 60 ಮಿಲಿ ಡೈಮೆಥಾಕ್ಸಿಈಥೇನ್‌ನಲ್ಲಿ ಕಲಕಿ, 5.5 ಮಿಲಿ ಸೈಕ್ಲೋಪೆಂಟಾಡೈಈನ್ ಸೇರಿಸಿ. ನಂತರ 25 ಮಿಲಿ ಡೈಮೀಥೈಲ್ ಸಲ್ಫಾಕ್ಸೈಡ್‌ನಲ್ಲಿ ಕರಗಿಸಿದ 6.5 ಗ್ರಾಂ ಫೆರಸ್ ಕ್ಲೋರೈಡ್ ಟೆಟ್ರಾಹೈಡ್ರೇಟ್ ಅನ್ನು ಹನಿಹನಿಯಾಗಿ ಬಿಡಿ. ಈ ಲವಣ ತಿಳಿಹಸಿರು ಇರಬೇಕು. ಕಂದು ತಿರುಗಿದ್ದರೆ ಅದು ಗಾಳಿಗೆ ಉತ್ಕರ್ಷಣಗೊಂಡಿದೆ, ಇಳುವರಿ ಬೀಳುತ್ತದೆ.

ಕೊನೆಗೆ ಈ ಮಿಶ್ರಣವನ್ನು 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 90 ಮಿಲಿ, ಮಂಜುಗಡ್ಡೆ 100 ಗ್ರಾಂ ಇರುವ ಬೀಕರಿಗೆ ನಿಧಾನವಾಗಿ ಸುರಿಯಿರಿ. ದ್ರವ ನೀಲಿಯಾದರೆ ಗಾಬರಿ ಬೇಡ, ಅದು ಸ್ವಲ್ಪ ಫೆರೊಸೀನಿಯಂ, ಅಂದರೆ ಉತ್ಕರ್ಷಣಗೊಂಡ ಫೆರೊಸೀನ್. ಕಿತ್ತಳೆ ಘನವನ್ನು ಸೋಸಿ, ತೊಳೆದು, ಒಣಗಿಸಿ, ಉತ್ಪತನದಿಂದ (ಘನವನ್ನು ಕರಗಿಸದೆ ನೇರ ಆವಿ ಮಾಡಿ ಮತ್ತೆ ಘನವಾಗಿಸುವುದು) ಶುದ್ಧಮಾಡಿ. ದ್ರವನಬಿಂದು 172–174 ಡಿಗ್ರಿ; ಕ್ಯಾಪಿಲರಿ ಕೊಳವೆಯ ಬಾಯಿ ಮುಚ್ಚದಿದ್ದರೆ ಕರಗುವ ಮೊದಲೇ ಆವಿಯಾಗಿ ಹೋಗುತ್ತದೆ.